ನಾರ್ಮಲ್ಲಾ, ಪವರ್ರಾ? ನಿಮ್ಮ ಬೈಕಿಗೆ ಯಾವ ಆಕ್ಟೇನ್ ಪೆಟ್ರೋಲ್

ಚಿಕ್ಕಬಳ್ಳಾಪುರದ ನಮ್ಮ ಮನೆ ಮುಂದೆ ರಾತ್ರಿ ಹೊತ್ತು ಮೂರು ಗಾಡಿ ನಿಲ್ಲುತ್ತವೆ. ನನ್ನ ಹಳೇ ಸ್ಪ್ಲೆಂಡರ್, ಅಣ್ಣನ ಕ್ಲಾಸಿಕ್ 350, ಅಣ್ಣನ ಮಗ ಸೆಕೆಂಡ್ ಹ್ಯಾಂಡಲ್ಲಿ ತಂದ ಡ್ಯೂಕ್ 390. ಮೂರಕ್ಕೂ ಹೈವೇ ಪಕ್ಕದ ಒಂದೇ ಬಂಕಲ್ಲಿ ಪೆಟ್ರೋಲ್. ಬಂಕಿನ ಹುಡುಗ ಮೂವರನ್ನೂ ಕೇಳುವುದು ಒಂದೇ ಮಾತು: "ನಾರ್ಮಲ್ಲಾ, ಪವರ್ರಾ?" ನಾರ್ಮಲ್ ಅಂದರೆ ಸಾದಾ ಪೆಟ್ರೋಲ್, ಪವರ್ ಅಂದರೆ ಹೆಚ್ಚು ದುಡ್ಡಿನ ಪ್ರೀಮಿಯಂ. ಅಣ್ಣ ಎರಡು ವರ್ಷದಿಂದ "ಪವರ್ ಹಾಕಪ್ಪ" ಅನ್ನುತ್ತಿದ್ದ. ಅವನ ಮಗ ದುಡ್ಡು ಉಳಿಯಲಿ ಅಂತ ಡ್ಯೂಕಿಗೆ ಸಾದಾ ಹಾಕಿಸುತ್ತಿದ್ದ. ಅಪ್ಪನ ಗಾಡಿಗೆ ಬೇಡದ್ದನ್ನು ಅಪ್ಪ ಹಾಕಿಸುತ್ತಿದ್ದ, ಮಗನ ಗಾಡಿಗೆ ಪ್ರಯೋಜನ ಆಗಬಹುದಾದದ್ದನ್ನು ಮಗ ಬಿಡುತ್ತಿದ್ದ. ಒಂದೇ ಮನೆಯಲ್ಲಿ ಹೀಗಾದರೆ ಊರಲ್ಲಿ ಇನ್ನೆಷ್ಟು ಮನೆಯಲ್ಲಿ ಹೀಗಿರಬೇಡ! ಅದಕ್ಕೇ ಬರೆಯುತ್ತಿದ್ದೇನೆ.

ಬಂಕಿನ ಬೋರ್ಡಿನ ಮೇಲೆ ಕಾಣುವ 91, 95, 97, 99, 100 ಅನ್ನುವ ಸಂಖ್ಯೆಗಳೇ ಆಕ್ಟೇನ್. ಪೆಟ್ರೋಲಿನಲ್ಲಿ ಎಷ್ಟು ಶಕ್ತಿ ಇದೆ ಅನ್ನುವುದಕ್ಕೂ ಈ ಸಂಖ್ಯೆಗೂ ಸಂಬಂಧವಿಲ್ಲ. ಸಿಲಿಂಡರಿನೊಳಗೆ ಹಿಂಡಿಸಿಕೊಂಡಾಗ, ಕಾಯ್ದಾಗ, ಪ್ಲಗ್ಗಿನ ಕಿಡಿ ಬೀಳುವ ತನಕ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದರ ಅಳತೆ ಅದು. ಅಳೆಯುವುದಕ್ಕೆ ಎರಡು ದ್ರವ ಇಟ್ಟುಕೊಂಡಿದ್ದಾರೆ. ಬೇಗ ಹೊತ್ತಿಕೊಳ್ಳುವ ಹೆಪ್ಟೇನಿಗೆ 0, ಚೆನ್ನಾಗಿ ತಡೆಯುವ ಐಸೊ-ಆಕ್ಟೇನಿಗೆ 100. ನಮ್ಮ ಪೆಟ್ರೋಲ್ ಈ ಎರಡರ ಯಾವ ಮಿಶ್ರಣದ ಹಾಗೆ ನಡೆದುಕೊಳ್ಳುತ್ತದೋ ಅದೇ ಅದರ ಸಂಖ್ಯೆ.

ತಡೆಯದಿದ್ದರೆ ಏನಾಗುತ್ತದೆ? ಪಿಸ್ಟನ್ ಮೇಲೆ ಬರುತ್ತಿರುವಾಗ ಪ್ಲಗ್ ಕಿಡಿ ಹಾರಿಸುತ್ತದೆ, ಬೆಂಕಿ ಒಂದು ಕಡೆಯಿಂದ ಹರಡುತ್ತಾ ಹೋಗುತ್ತದೆ. ಆ ಬೆಂಕಿ ತಲುಪುವ ಮೊದಲೇ ಇನ್ನೊಂದು ಮೂಲೆಯಲ್ಲಿದ್ದ ಪೆಟ್ರೋಲ್-ಗಾಳಿ ಒತ್ತಡಕ್ಕೆ, ಕಾವಿಗೆ ತಾನೇ ಭಗ್ಗಂತ ಹೊತ್ತಿಕೊಂಡರೆ ಪಿಸ್ಟನ್ ತಲೆಗೆ ಸುತ್ತಿಗೆಯಲ್ಲಿ ಬಡಿದ ಹಾಗೆ ಏಟು ಬೀಳುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನುವುದು ಇದನ್ನೇ. ಅಪರೂಪಕ್ಕೆ ಒಂದೆರಡು ಸಲ ಕೇಳಿದರೆ ಗಾಬರಿ ಬೇಡ. ದಿನಾ ಹೊಡೆದರೆ ಪಿಸ್ಟನ್, ಬೇರಿಂಗ್ ಹಾಳಾಗುತ್ತವೆ.

ಆ ಸದ್ದನ್ನು ನಾನು ಚೆನ್ನಾಗಿ ಕೇಳಿದ್ದು ನಂದಿಬೆಟ್ಟ ಹತ್ತುವಾಗ. ಏಪ್ರಿಲ್ ತಿಂಗಳು, ಮಧ್ಯಾಹ್ನದ ಬಿಸಿಲು, ಹಿಂದೆ ಹೆಂಡತಿ, ಟ್ಯಾಂಕ್ ಮೇಲೆ ಚೀಲ. ತಿರುವಿನಲ್ಲಿ ಸ್ಪೀಡ್ ಇಳಿಯಿತು, ನಾನು ಗೇರ್ ಇಳಿಸದೆ ಟಾಪ್ ಗೇರಿನಲ್ಲೇ ಎಕ್ಸಲರೇಟರ್ ಪೂರ್ತಿ ತಿರುವಿದೆ. ಟ್ಯಾಂಕ್ ಕೆಳಗಿಂದ ತಗಡಿನ ಡಬ್ಬಿಯಲ್ಲಿ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಹಾಗೆ ಕಟಕಟಕಟ ಅಂತ ಸದ್ದು. ಎಕ್ಸಲರೇಟರ್ ಬಿಟ್ಟೆ, ನಿಂತಿತು. ಮತ್ತೆ ತಿರುವಿದೆ, ಮತ್ತೆ ಬಂತು. ಎರಡು ಗೇರ್ ಇಳಿಸಿ ಹತ್ತಿಸಿದೆ, ಮೇಲಿನ ತನಕ ಆ ಸದ್ದು ಸುಳಿಯಲಿಲ್ಲ. ಅದೇ ಪೆಟ್ರೋಲ್, ಅದೇ ಗಾಡಿ.

ಇಂಜಿನ್ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟಿನ ಸದ್ದಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಸಿಗುತ್ತದೆ. ಟ್ಯಾಪೆಟ್ ಸಡಿಲಾಗಿದ್ದರೆ ಗಾಡಿ ನಿಂತಲ್ಲೇ ಐಡ್ಲಿಂಗಲ್ಲೂ ಟಿಕ್ ಟಿಕ್ ಅನ್ನುತ್ತದೆ, ವೇಗಕ್ಕೆ ತಕ್ಕ ಹಾಗೆ ಹೆಚ್ಚಾಗುತ್ತದೆ. ನಾಕಿಂಗ್ ಭಾರ ಬಿದ್ದಾಗ ಮಾತ್ರ ಬರುತ್ತದೆ, ಭಾರ ಇಳಿಸಿದ ತಕ್ಷಣ ಹೋಗುತ್ತದೆ. ಟ್ಯಾಪೆಟ್ ಸದ್ದನ್ನು ನಾಕಿಂಗ್ ಅಂದುಕೊಂಡು ತಿಂಗಳುಗಟ್ಟಲೆ ಪವರ್ ಪೆಟ್ರೋಲ್ ಸುರಿದವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಹತ್ತು ನಿಮಿಷದ ಸ್ಪ್ಯಾನರ್ ಕೆಲಸ ಅದು.

ಯಾವ ಇಂಜಿನ್ನಿಗೆ ಎಷ್ಟು

ಎಷ್ಟು ಆಕ್ಟೇನ್ ಬೇಕು ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಕಂಪ್ರೆಷನ್ ರೇಶಿಯೊ. ಸಿಲಿಂಡರಿನಲ್ಲಿ ತುಂಬಿದ ಗಾಳಿ-ಪೆಟ್ರೋಲನ್ನು ಪಿಸ್ಟನ್ ಎಷ್ಟರ ಒಂದು ಪಾಲಿಗೆ ಹಿಂಡುತ್ತದೆ ಅನ್ನುವ ಲೆಕ್ಕ ಅದು. 10:1 ಅಂದರೆ ಹತ್ತರ ಒಂದು ಪಾಲಿಗೆ. ಹೆಚ್ಚು ಹಿಂಡಿದಷ್ಟೂ ಕಾವು ಹೆಚ್ಚು, ತಡೆಯುವ ಪೆಟ್ರೋಲೂ ಬೇಕು. ಗಾಡಿಯ ಜೊತೆ ಬಂದ ಪುಸ್ತಕದ ಕೊನೆಯ ಪುಟಗಳಲ್ಲಿ ಈ ಸಂಖ್ಯೆ ಇರುತ್ತದೆ, ಕನಿಷ್ಠ ಯಾವ ಆಕ್ಟೇನ್ ಹಾಕಬೇಕು ಅನ್ನುವುದೂ ಇರುತ್ತದೆ. ಈ ಬರಹ ಪೂರ್ತಿ ಓದುವ ಬದಲು ಆ ಒಂದು ಸಾಲು ಓದಿದರೂ ಮುಕ್ಕಾಲು ಕೆಲಸ ಆದ ಹಾಗೆ.

ಇಂಟರ್ನೆಟ್ಟಿನಲ್ಲಿ ಹುಡುಕುವವರು ಒಂದು ವಿಷಯ ಗಮನಿಸಬೇಕು. ಅಮೆರಿಕದ ಬಂಕುಗಳಲ್ಲಿ ಬೇರೆ ಅಳತೆ, ಅಲ್ಲಿನ 87 ಹೆಚ್ಚೂಕಡಿಮೆ ನಮ್ಮ 91. ಯುರೋಪಿನ ಸಾದಾ ಪೆಟ್ರೋಲೇ 95, ಹಾಗಾಗಿ ಅಲ್ಲಿಯ ಪುಸ್ತಕದಲ್ಲಿ 95 ಅಂತ ಬರೆದಿರುವುದು ಸಹಜ. ಇಲ್ಲಿ ಮಾರಿದ ಗಾಡಿಗೆ ಇಲ್ಲಿಯ ಪುಸ್ತಕವನ್ನೇ ನೋಡಿ.

ಈಗ ನಮ್ಮ ಅಂಗಳದ ಗಾಡಿಗಳಿಗೆ ಬರೋಣ. ನನ್ನ ಸ್ಪ್ಲೆಂಡರ್ 10:1ರ ಆಸುಪಾಸಿನದು. 100ರಿಂದ 125 ಸಿಸಿವರೆಗಿನ ಗಾಡಿಗಳು, ಸ್ಕೂಟರುಗಳು ಬಹುತೇಕ ಇದೇ ಗುಂಪು. ಇವಕ್ಕೆ ಸಾದಾ ಪೆಟ್ರೋಲ್ ಸಾಕು, ಇನ್ನೇನೂ ಯೋಚಿಸಬೇಕಾಗಿಲ್ಲ. ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಹೇರಿಕೊಂಡು ಹೋಗುವವರು, ಕೋಲಾರದ ಎಪಿಎಂಸಿಗೆ ಬೆಳಗಿನ ಜಾವ ಓಡುವವರು, ತುಮಕೂರಿನ ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುವ ಹುಡುಗರು, ಎಲ್ಲರ ಗಾಡಿಗೂ ಇದೇ ಮಾತು.

ಅಣ್ಣನ ಕ್ಲಾಸಿಕ್ 350ಕ್ಕೆ 9.5:1. ಗಾಡಿ ದೊಡ್ಡದು, ಬೆಲೆ ದೊಡ್ಡದು, ಸದ್ದೂ ದೊಡ್ಡದು, ಆದರೆ ಹಿಂಡುವುದು ನನ್ನ ಸ್ಪ್ಲೆಂಡರಿಗಿಂತ ಕಡಿಮೆ. "ದುಬಾರಿ ಗಾಡಿಗೆ ಒಳ್ಳೇ ಪೆಟ್ರೋಲ್ ಹಾಕಬೇಕಲ್ವಾ" ಅನ್ನುವುದು ಅಣ್ಣನ ವಾದ. ಆ ಪ್ರೀತಿ ಅರ್ಥವಾಗುತ್ತದೆ, ಆದರೆ ಇಂಜಿನ್ನಿಗೆ ಬೆಲೆ ಗೊತ್ತಾಗುವುದಿಲ್ಲ. ಕಾರುಗಳಲ್ಲಿ ನಾಕಿಂಗ್ ಕೇಳಿಸಿಕೊಂಡು ಕಿಡಿಯ ಹೊತ್ತನ್ನು ಹಿಂದೆ ಮುಂದೆ ಮಾಡುವ ಸೆನ್ಸರ್ ಇರುತ್ತದೆ. ನಮ್ಮ ಚಿಕ್ಕ ಬೈಕುಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಹಾಗಾಗಿ ಟ್ಯಾಂಕಿನಲ್ಲಿ 91 ಇದೆಯೋ 99 ಇದೆಯೋ ಅದಕ್ಕೆ ತಿಳಿಯುವ ದಾರಿಯೇ ಇಲ್ಲ, ಪಿಕಪ್ ಹೆಚ್ಚಾಗುವುದು ಎಲ್ಲಿಂದ?

ಡ್ಯೂಕ್ 390ರ ಕತೆ ಬೇರೆ. ಹಳೇ 373 ಸಿಸಿ ಇಂಜಿನ್ 12.5ಕ್ಕಿಂತ ಹೆಚ್ಚು ಹಿಂಡುತ್ತದೆ. ಡಾಮಿನರ್ 400 ಹೆಚ್ಚೂಕಡಿಮೆ 12:1. ಇಂಥವುಗಳಲ್ಲಿ ನಾಕಿಂಗಿಗೂ ಇಂಜಿನ್ನಿಗೂ ನಡುವಿನ ಅಂತರ ತೀರಾ ಕಡಿಮೆ. ಬೇಸಿಗೆ, ಡಬಲ್ಸ್, ಘಟ್ಟ ಮೂರೂ ಸೇರಿದಾಗ 95 ಹಾಕಿಸುವುದಕ್ಕೆ ಅರ್ಥವಿದೆ. ಅಣ್ಣನ ಮಗನಿಗೆ ನಾನು ಹೇಳಿದ್ದೂ ಅಷ್ಟೇ: "ಊರೊಳಗೆ ಓಡಾಡೋಕೆ ಪುಸ್ತಕದಲ್ಲಿ ಬರೆದಿರೋದನ್ನ ಹಾಕು. ದೂರ ಹೋಗೋ ದಿನ 95 ಹಾಕ್ಸು." "ಹಂಡ್ರೆಡ್ ಹಾಕ್ಸಿದ್ರೆ ಇನ್ನೂ ಚೆನ್ನಾಗಿರಲ್ವಾ ಚಿಕ್ಕಪ್ಪ?" ಅಂದ. ಇಲ್ಲ. ನಾಕಿಂಗ್ ನಿಂತ ಮೇಲೆ ಅದಕ್ಕಿಂತ ಹೆಚ್ಚಿನ ಆಕ್ಟೇನಿಗೆ ಮಾಡಲು ಕೆಲಸವಿಲ್ಲ.

ನಡುವಿನ ಗುಂಪೊಂದಿದೆ, ಅದರ ಬಗ್ಗೆಯೇ ಹೆಚ್ಚು ಗೊಂದಲ. ಆರ್15 11.6:1, ಹಿಮಾಲಯನ್ 450 11.5:1, ಪಲ್ಸರ್ ಎನ್‌ಎಸ್200 11:1. ಸಂಖ್ಯೆ ನೋಡಿದರೆ ಭಯ ಆಗುತ್ತದೆ. ಆದರೆ ಇವಕ್ಕೆ ನೀರಿನ ಕೂಲಿಂಗ್ ಇದೆ, ಸಿಲಿಂಡರ್ ತಲೆಯ ಕಾವು ಹದ್ದುಬಸ್ತಿನಲ್ಲಿ ಇರುತ್ತದೆ, ಜೊತೆಗೆ ನಮ್ಮ ದೇಶದ ಪೆಟ್ರೋಲ್ ನೋಡಿಕೊಂಡೇ ಮಾರುತ್ತಾರೆ. ಸಾದಾದಲ್ಲಿ ಶುರು ಮಾಡಿ, ಕಿವಿಗೆ ಕಟಕಟ ಬಿದ್ದರೆ ಮಾತ್ರ 95ಕ್ಕೆ ಹೋಗಿ. ಹೊರದೇಶದಿಂದ ಬರುವ ದೊಡ್ಡ ಸೂಪರ್‌ಬೈಕುಗಳ ಪುಸ್ತಕದಲ್ಲಿ 95 ಅಂತ ಇದ್ದರೆ ಅಲ್ಲಿ ಚೌಕಾಸಿ ಬೇಡ, 95 ಹಾಕಿಸಿ.

ಈಗ ಸಾದಾ ಪೆಟ್ರೋಲೇ ಬದಲಾಗಿದೆ

ಹಿಂದೆ ನಮ್ಮ ಸಾದಾ ಪೆಟ್ರೋಲ್ 88 ಆಕ್ಟೇನ್ ಇತ್ತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ನಾಕಿಂಗ್ ತಡೆಯಲು ಸೀಸ ಬೆರೆಸುವುದು ನಿಂತಿತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಹೊಗೆ ನಿಯಂತ್ರಣದ ಮಾನದಂಡ) ಪೆಟ್ರೋಲಿಗೆ ಕನಿಷ್ಠ 91. ಆಮೇಲೆ ಬಂತು ಎಥನಾಲ್. ಎಥನಾಲಿನ ಆಕ್ಟೇನ್ ಸುಮಾರು 108.5. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಆಕ್ಟೇನ್ 95ಕ್ಕೆ ಏರಿದೆ ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿತು.

ಹಾಗಾದರೆ ಇ20 ಸಾದಾ ಪೆಟ್ರೋಲ್ ಸಿಗುವ ಬಂಕಿನಲ್ಲಿ ಪಕ್ಕದ ಪಂಪಿನ 95ಕ್ಕೆ ಹೆಚ್ಚು ಕೊಡುವುದು ಯಾತಕ್ಕೆ? ಆಕ್ಟೇನಿನ ಲೆಕ್ಕದಲ್ಲಿ ಅಂತರ ಸಣ್ಣದಾಗಿದೆ. ಉಳಿದದ್ದು ಅದರಲ್ಲಿ ಬೆರೆಸುವ ಶುಚಿಕಾರಕ. ಇಂಜೆಕ್ಟರ್ ಬಾಯಿಯಲ್ಲಿ, ವಾಲ್ವಿನ ಹಿಂದೆ ಕಟ್ಟುವ ಕಿಟ್ಟವನ್ನು ಅದು ಕಡಿಮೆ ಮಾಡುತ್ತದೆ. ಅದು ಒಳ್ಳೇ ಕೆಲಸವೇ, ಆದರೆ ಅದಕ್ಕೋಸ್ಕರ ಪ್ರತಿ ಸಲ ಹಾಕಿಸಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಮೂರು ತಿಂಗಳಿಗೊಮ್ಮೆ ಒಂದು ಟ್ಯಾಂಕ್ ಸಾಕು. ಪ್ರೀಮಿಯಂ ಅನ್ನುವ ಹೆಸರು ಬೇರೆ, ಆಕ್ಟೇನ್ ಬೇರೆ ಅನ್ನುವುದೂ ನೆನಪಿರಲಿ. ಸಂಖ್ಯೆ ಬರೆದಿಲ್ಲದ ಪ್ರೀಮಿಯಂ ಪೆಟ್ರೋಲ್ ಅಂದರೆ ಶುಚಿಕಾರಕಕ್ಕೆ ದುಡ್ಡು ಕೊಡುತ್ತಿದ್ದೀರಿ ಅಂತ ತಿಳಿಯಿರಿ.

"95 ಹಾಕ್ಸಿದ್ರೆ ಎಥನಾಲ್ ಕಾಟ ಇರಲ್ಲ" ಅನ್ನುವವರು ನಮ್ಮ ಕಡೆ ಬಹಳ ಜನ. 95ಕ್ಕೂ ಎಥನಾಲ್ ಬೆರೆಸುತ್ತಾರೆ. ಮೈಲೇಜ್ ಸ್ವಲ್ಪ ಬಿದ್ದಿದೆ ಅನ್ನುವ ದೂರು ಮಾತ್ರ ನಿಜ. ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು. ಎಥನಾಲಿಗೆ ಅಂತ ಮಾಡಿರದ ಹಳೇ ಬೈಕುಗಳಲ್ಲಿ ಇ20ಯಿಂದ ಮೈಲೇಜ್ ಶೇಕಡ 3ರಿಂದ 4ರಷ್ಟು ಇಳಿಯಬಹುದು ಅಂತ 2021ರ ನೀತಿ ಆಯೋಗದ ತಜ್ಞರ ವರದಿಯಲ್ಲೇ ಇದೆ.

ಚಿಂತಾಮಣಿಯ ಸೋದರಮಾವನ ಮನೆಯಲ್ಲಿ ಒಂದು ಆರ್‌ಎಕ್ಸ್100 ಇದೆ. 1985ರಿಂದ 1996ರ ತನಕ ತಯಾರಾದ ಆ ಟೂ ಸ್ಟ್ರೋಕ್ ಗಾಡಿಯ ಕಂಪ್ರೆಷನ್ ಬರೀ 6.7:1. ಅದಕ್ಕೆ 100 ಆಕ್ಟೇನ್ ಹಾಕುವವರನ್ನು ನೋಡಿದರೆ ಸಂಕಟ ಆಗುತ್ತದೆ, ಆ ದುಡ್ಡಿಗೆ ಹೊಸ ಪೆಟ್ರೋಲ್ ಪೈಪು, ಕಾರ್ಬೊರೇಟರ್ ರಬ್ಬರ್ ವಾಷರುಗಳನ್ನು ಹಾಕಿಸಬಹುದಿತ್ತು. ಎಥನಾಲಿಗೆ ಹಳೇ ರಬ್ಬರ್ ಉಬ್ಬುತ್ತದೆ, ಬಿರಿಯುತ್ತದೆ. ಅವಕ್ಕೆ ಬೇಕಾದ್ದು ಆ ಗಮನ.

ಅದೇ ಆರ್‌ಎಕ್ಸ್ ಹೋದ ಮಳೆಗಾಲದಲ್ಲಿ ಎರಡು ತಿಂಗಳು ಚಪ್ಪರದ ಕೆಳಗೆ ನಿಂತಿತ್ತು. ಟ್ಯಾಂಕಿನ ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಸ್ಟಾರ್ಟ್ ಆಗಲಿಲ್ಲ ಅಂತ ಕರೆದರು, ಪೈಪ್ ಕಿತ್ತು ಒಂದು ಗಾಜಿನ ಉಪ್ಪಿನಕಾಯಿ ಬಾಟಲಿಗೆ ಪೆಟ್ರೋಲ್ ಬಿಟ್ಟೆ. ಐದು ನಿಮಿಷ ಕಟ್ಟೆ ಮೇಲೆ ಇಟ್ಟಿದ್ದಕ್ಕೆ ಎರಡು ಪದರ ಕಂಡಿತು. ಮೇಲೆ ತಿಳಿ ಹಳದಿ, ಕೆಳಗೆ ಎರಡು ಬೆರಳು ದಪ್ಪ ಮಂಜುಮಂಜಾದ ನೀರು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಆಗ ಮೇಲೆ ಉಳಿದ ಪೆಟ್ರೋಲಿನ ಆಕ್ಟೇನೂ ಕುಸಿಯುತ್ತದೆ. ಬಂಕಿನಲ್ಲಿ 95 ಅಂತ ಹಾಕಿಸಿದ್ದು ಟ್ಯಾಂಕಿನಲ್ಲಿ 95 ಆಗಿ ಉಳಿದಿರುವುದಿಲ್ಲ. ಮಾವ ಬಾಟಲಿಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು, ಮಾರನೇ ದಿನವೇ ಮುಚ್ಚಳದ ರಬ್ಬರ್ ಬದಲಾಯಿಸಿದರು. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿ ಇದ್ದರೆ ಆಕ್ಟೇನಿಗಿಂತ ಮೊದಲು ಮುಚ್ಚಳ ನೋಡಿ.

ದುಡ್ಡಿನ ಲೆಕ್ಕ

100 ಆಕ್ಟೇನಿನ ಎಕ್ಸ್‌ಪಿ100 2020ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಬಿಡುಗಡೆ ಆದಾಗ ಲೀಟರಿಗೆ 160 ರೂಪಾಯಿ ಇತ್ತು. ಅದನ್ನು ನಮ್ಮ ದಿನದ ಓಡಾಟದ ಲೆಕ್ಕಕ್ಕೇ ತೆಗೆದುಕೊಳ್ಳುವುದು ಬೇಡ. 95ರದ್ದು ಮಾತಾಡೋಣ. ಸಾದಾ 102, 95ಕ್ಕೆ 112 ಅಂತ ಇಟ್ಟುಕೊಳ್ಳಿ. ಹತ್ತು ರೂಪಾಯಿ ವಾಪಸ್ ಬರಬೇಕಾದರೆ ಲೀಟರಿಗೆ 50 ಕೊಡುವ ಗಾಡಿ 55 ಕೊಡಬೇಕು. ಆಕ್ಟೇನ್ ಏರಿಸಿದ ಮಾತ್ರಕ್ಕೆ ಯಾವ ಸ್ಪ್ಲೆಂಡರೂ ಐದು ಕಿಲೋಮೀಟರ್ ಜಾಸ್ತಿ ಓಡುವುದಿಲ್ಲ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ 20 ಲೀಟರ್, 200 ರೂಪಾಯಿ, ವರ್ಷಕ್ಕೆ 2400. ಆ ದುಡ್ಡಿನಲ್ಲಿ ಹೊತ್ತಿಗೆ ಸರಿಯಾಗಿ ಆಯಿಲ್, ಪ್ಲಗ್, ಏರ್ ಫಿಲ್ಟರ್ ಬದಲಾಯಿಸಿದರೆ ಗಾಡಿ ನಿಜವಾಗಲೂ ಹಗುರಾಗಿ ಓಡುತ್ತದೆ.

ಕೆಲವರು ಅರ್ಧ ಸಾದಾ, ಅರ್ಧ 100 ಬೆರೆಸುತ್ತಾರೆ. ಬೆರೆಸಿದರೆ ಕೆಡುಕಿಲ್ಲ, ಆಕ್ಟೇನ್ ಸುಮಾರು ನಡುವೆ ಬರುತ್ತದೆ. ಆದರೆ ಮೇಲಿನ ಬೆಲೆಯಲ್ಲಿ ಬೆರಕೆ ಲೀಟರಿಗೆ 131 ಬೀಳುತ್ತದೆ, ನೇರವಾಗಿ 95 ಹಾಕಿಸಿದರೆ 112.

ಮನಸ್ಸು ಒಪ್ಪದಿದ್ದರೆ ನೀವೇ ಅಳೆಯಿರಿ. ಡಬಲ್ ಸ್ಟ್ಯಾಂಡ್ ಹಾಕಿ ಟ್ಯಾಂಕಿನ ಕತ್ತಿನ ತನಕ ತುಂಬಿಸಿ, ಮೀಟರ್ ಬರೆದಿಟ್ಟುಕೊಳ್ಳಿ. ಮುನ್ನೂರು ಕಿಲೋಮೀಟರ್ ಆದ ಮೇಲೆ ಅದೇ ಬಂಕಿನಲ್ಲಿ, ಅದೇ ಮಟ್ಟಕ್ಕೆ ತುಂಬಿಸಿ ಭಾಗಿಸಿ. ಎರಡು ಟ್ಯಾಂಕ್ ಸಾದಾ, ಎರಡು ಟ್ಯಾಂಕ್ 95. ಅಣ್ಣ ಹೀಗೆ ಮಾಡಿ ನೋಡಿದ ಮೇಲೆ ಕ್ಲಾಸಿಕ್‌ಗೆ ಸಾದಾಕ್ಕೆ ಬಂದ.

ನಾಕಿಂಗ್ ಹೊಸದಾಗಿ ಶುರುವಾದರೆ

ಎರಡು ವರ್ಷ ಸಾದಾದಲ್ಲಿ ಸುಮ್ಮನಿದ್ದ ಗಾಡಿ ಈಗ ಕಟಕಟ ಅಂದರೆ ಏನೋ ಕೆಟ್ಟಿದೆ. ಅದನ್ನು ಹೆಚ್ಚಿನ ಆಕ್ಟೇನ್ ಹಾಕಿ ಮುಚ್ಚಬೇಡಿ. ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಕಟ್ಟಿರಬಹುದು, ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರಿನಲ್ಲಿ ಗಾಳಿ ಎಳೆದುಕೊಂಡು ಪೆಟ್ರೋಲ್ ಕಡಿಮೆ ಹೋಗುತ್ತಿರಬಹುದು, ಯಾರೋ ಬೇರೆ ನಂಬರಿನ ಪ್ಲಗ್ ಹಾಕಿರಬಹುದು, ಆಯಿಲ್ ಇಳಿದಿರಬಹುದು.

ಅಥವಾ ಪೆಟ್ರೋಲೇ ಸರಿ ಇಲ್ಲದಿರಬಹುದು. ಒಮ್ಮೆ ದೂರದ ಒಂದು ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬಂದೆ. ಮಾರನೇ ದಿನ ಸಮತಟ್ಟಾದ ರಸ್ತೆಯಲ್ಲೇ ಗಾಡಿ ಬಡಿಯತೊಡಗಿತು, ಆ ಟ್ಯಾಂಕ್ ಖಾಲಿಯಾದ ಮೇಲೆ ತಾನಾಗಿ ಸರಿಹೋಯಿತು. ಅವತ್ತಿಂದ ಗೊತ್ತಿಲ್ಲದ ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳುತ್ತೇನೆ. ಕೇಳುವುದು ನಿಮ್ಮ ಹಕ್ಕು, ಬಂಕಿನಲ್ಲಿ ಅದು ಇರಲೇಬೇಕು. ನಳಿಕೆಯ ಬಾಯಿ ಒರೆಸಿ ಒಂದು ಹನಿ ಪೇಪರಿನ ಮೇಲೆ ಬಿಡಿ. ಸುಮಾರು ಎರಡು ನಿಮಿಷದಲ್ಲಿ ಆರಿ ಕಲೆ ಉಳಿಯದಿದ್ದರೆ ಸರಿ. ಎಣ್ಣೆಯಂಥ ಕಲೆ ಉಳಿದರೆ ಸೀಮೆಎಣ್ಣೆಯಂಥದ್ದೇನೋ ಬೆರೆತಿರುವ ಅನುಮಾನ, ಸೀಮೆಎಣ್ಣೆಗೆ ನಾಕಿಂಗ್ ತಡೆಯುವ ಗುಣ ತೀರಾ ಕಡಿಮೆ. ಆದಷ್ಟೂ ಹೆಚ್ಚು ವ್ಯಾಪಾರ ಆಗುವ ಬಂಕು ಹಿಡಿಯಿರಿ. ಅಲ್ಲಿ ಪೆಟ್ರೋಲ್ ನೆಲದಡಿಯ ಟ್ಯಾಂಕಿನಲ್ಲಿ ಹಳಸುತ್ತಾ ಕೂತಿರುವುದಿಲ್ಲ. 95ರ ವ್ಯಾಪಾರ ಕಡಿಮೆ ಇರುವ ಹಳ್ಳಿ ಬಂಕಿನ ಪವರ್‌ಗಿಂತ ಹೈವೇ ಬಂಕಿನ ತಾಜಾ ಸಾದಾ ಪೆಟ್ರೋಲನ್ನೇ ನಾನು ಆರಿಸುತ್ತೇನೆ.

ನಮ್ಮ ಬಯಲುಸೀಮೆಯ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್, ಕೋಲಾರ, ತುಮಕೂರು ಎರಡೂ 800 ದಾಟುತ್ತವೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಸಿಲಿಂಡರಿಗೆ ಹೋಗುವ ಗಾಳಿಯೂ ಅಷ್ಟು ಕಡಿಮೆ, ಹಿಂಡಿದಾಗ ಒತ್ತಡವೂ ಕಡಿಮೆ. ಹಾಗಾಗಿ ಇಲ್ಲಿ ಸಾದಾದಲ್ಲಿ ತೆಪ್ಪಗಿದ್ದ ಗಾಡಿ ಶಿರಾಡಿ ಇಳಿದು ಕರಾವಳಿಯ ಸೆಕೆಯಲ್ಲಿ ಲಗೇಜು ಹೊತ್ತು ಓಡುವಾಗ ಸದ್ದು ಮಾಡಬಹುದು. ಅಣ್ಣನ ಮಗ ಸ್ನೇಹಿತರ ಜೊತೆ ಮಂಗಳೂರಿಗೆ ಹೊರಟಾಗ 95 ಹಾಕಿಸು ಅಂದದ್ದು ಇದಕ್ಕೇ, ನಂದಿಬೆಟ್ಟಕ್ಕೆ ಬೆಳಗಿನ ತಂಪಿನಲ್ಲಿ ಒಬ್ಬನೇ ಹೋಗುವಾಗ ಬೇಡ ಅಂದದ್ದೂ ಇದಕ್ಕೇ.

95 ಬೇಕಾದ ಗಾಡಿ ಓಡಿಸುತ್ತಾ ಬಾಗೇಪಲ್ಲಿಯಾಚೆಯೋ ಪಾವಗಡದ ಕಡೆಯೋ ಸಿಕ್ಕಿಕೊಂಡು, ಬಂಕಿನಲ್ಲಿ ಸಾದಾ ಮಾತ್ರ ಇದೆ ಅಂದರೆ ಹಾಕಿಸಿಕೊಳ್ಳಿ, ಹೆದರಬೇಡಿ. ಮುಂದಿನ ಊರಿಗೆ ಆಗುವಷ್ಟು ಐದು ಲೀಟರ್ ಹಾಕಿಸಿ. ಟಾಪ್ ಗೇರಿನಲ್ಲಿ ಎಳೆದಾಡಿಸದೆ ಒಂದು ಗೇರ್ ಕೆಳಗೇ ಓಡಿಸಿ, ಏರಿನಲ್ಲಿ ಎಕ್ಸಲರೇಟರ್ ನಿಧಾನ ತಿರುವಿ, ಇಂಜಿನ್ ತುಂಬಾ ಕಾಯ್ದಿದ್ದರೆ ಹುಣಸೆಮರದ ನೆರಳಿನಲ್ಲಿ ಕಾಲು ಗಂಟೆ ನಿಲ್ಲಿಸಿ. ಆಮೇಲೆ 95 ಸಿಕ್ಕ ಕಡೆ ಉಳಿದದ್ದರ ಮೇಲೇ ತುಂಬಿಸಿಕೊಳ್ಳಿ, ಟ್ಯಾಂಕ್ ಖಾಲಿ ಮಾಡಬೇಕಿಲ್ಲ.